ಅಮ್ಮನ ಡಿಸೈನುಗಳನ್ನು ಹೊರತೆಗೆದದ್ದು

ಸೆಪ್ಟೆಂಬರ್ 3, ಬುಧವಾರ

ಮೊದಲಿಗೆ ಸಾರಿ. ದಿನಚರಿ ಬರೆಯುವಷ್ಟು ದೊಡ್ಡ ಮನುಷ್ಯಳಲ್ಲ ನಾನು, ಬರೆಯುವಂಥದ್ದು ಏನೂ ಆಗುವುದೂ ಇಲ್ಲ. ಮೂರನೇ ಕ್ಲಾಸಿನಿಂದ ಹಾಸ್ಟೆಲ್ ಶಾಲೆ. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಹೆಸರು ಬೋರ್ಡಿನ ಮೇಲೆ ಬರುತ್ತಿತ್ತು. ಹೀಗಾಗಿ ನನ್ನ ಕನ್ನಡ ಅರ್ಧಂಬರ್ಧ, ಇಂಗ್ಲಿಷೂ ಅಷ್ಟಕ್ಕಷ್ಟೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಅಮ್ಮನ ಜೊತೆ ನನಗೆ ಮಾತು ಸಾಲುವುದಿಲ್ಲ. "ಊಟ ಆಯ್ತಾ?" "ಆಯ್ತು." "ಓದ್ತಿದೀಯಾ?" "ಹೂಂ." ಆಮೇಲೆ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಇಲ್ಲಿ ಸ್ವಲ್ಪ ಪ್ರಾಕ್ಟೀಸ್ ಆದರೆ ಅಲ್ಲಿ ಎರಡು ವಾಕ್ಯ ಜಾಸ್ತಿ ಬಂದೀತು ಅಂತ ಒಂದು ಆಸೆ.

ಇಂದು ಅಮ್ಮ ತಾನಾಗಿಯೇ ಫೋನ್ ಮಾಡಿದಳು. ಭಾನುವಾರ ಅಲ್ಲದ ದಿನ. ಗಾಬರಿಯಾಯಿತು.

"ಕಂಪ್ಯೂಟರ್ ಹೋಯ್ತು ಕಣೇ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಇಲ್ಲೇ ಕೂತಿದೆ. ಜೀವ ಹೋಯ್ತು."

ಅಮ್ಮನದು ಕಸೂತಿ ಮಷೀನಿನ ಅಂಗಡಿ. ಶಾಲೆಯ ಬ್ಯಾಡ್ಜು, ಆಸ್ಪತ್ರೆಯ ಕೋಟಿನ ಜೇಬು, ಕ್ಲಬ್ಬಿನ ಟವೆಲ್ಲು, ಇಂಥವುಗಳ ಮೇಲೆ ಚಿತ್ರ ಹೊಲಿದುಕೊಡುವುದು. ಚಿತ್ರವನ್ನು ಮೊದಲು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಬಿಡಿಸಬೇಕು. ಆಮೇಲೆ ಮಷೀನು ಅದನ್ನು ನೋಡಿಕೊಂಡು ಹೊಲಿಯುತ್ತದೆ. ಬಿಡಿಸುವ ಪ್ರೋಗ್ರಾಂ ನನಗಿಂತ ಹಳೆಯದು, ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ರಿಪೇರಿಯವನ ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯುವುದೇ ಇಲ್ಲವಂತೆ.

ಮುಂದಿನ ಕೋಣೆಯಲ್ಲಿ ಮಷೀನು, ಹಿಂದೆ ಒಲೆ, ಮೇಲೆ ಅಟ್ಟ. ಅಟ್ಟದಲ್ಲಿ ನನ್ನ ಹಾಸಿಗೆ. ಅಪ್ಪ ತೀರಿಕೊಂಡ ಮೇಲೆ ನಮಗಿರುವ ಮನೆ ಎಂದರೆ ಅಷ್ಟೇ. ಕಂಪ್ಯೂಟರ್ ಇಲ್ಲದಿದ್ದರೆ ಅಂಗಡಿ ಇಲ್ಲ. ಅಂಗಡಿ ಇಲ್ಲದಿದ್ದರೆ ಅಟ್ಟ ಇಲ್ಲ. ಮುಂದಕ್ಕೆ ಯೋಚನೆ ಮಾಡಲು ಧೈರ್ಯ ಬರಲಿಲ್ಲ, ಕಾಲೇಜು ಹಾಸ್ಟೆಲಿನ ಮೆಸ್ಸಿಗೂ ಹೋಗಲಿಲ್ಲ.

ಸೆಪ್ಟೆಂಬರ್ 4, ಗುರುವಾರ

ಅಮ್ಮ ಮತ್ತೆ ಫೋನ್ ಮಾಡಿದಳು. "ನಿನ್ನ ಹೊಸ ಲ್ಯಾಪ್‌ಟಾಪಲ್ಲಿ ಅದು ಓಡತ್ತಾ? ನನ್ನ ಡಿಸೈನೆಲ್ಲ ಅದರೊಳಗೇ ಇದೆ. ಹೊರಗೆ ತೆಗೀಬೇಕಲ್ಲ."

"ಓಡತ್ತೆ" ಎಂದೆ. ಏನೂ ಗೊತ್ತಿಲ್ಲದೆ! ಲ್ಯಾಪ್‌ಟಾಪ್ ಸೋದರಮಾವ ಕೊಡಿಸಿದ್ದು, ಅದರಲ್ಲಿ ವಿಂಡೋಸೇ ಇಲ್ಲ. ನಾಲಿಗೆಗೆ ಏನಾಯಿತೋ.

ರಿಪೇರಿಯವನು ಹಳೆಯ ಕಂಪ್ಯೂಟರಿನಿಂದ ಡಿಸ್ಕ್ ಬಿಚ್ಚಿ ಕೊಟ್ಟಿದ್ದಾನಂತೆ, ಅದನ್ನು ಕೊರಿಯರ್ ಮಾಡುತ್ತಾಳಂತೆ. ಕಾಯುತ್ತಿದ್ದಾಳೆ.

ಸೆಪ್ಟೆಂಬರ್ 6, ಶನಿವಾರ

ರೂಮ್‌ಮೇಟ್ ಯಾವಾಗಲೂ ಕಂಬಳಿ ಹೊದ್ದುಕೊಂಡೇ ಇರುತ್ತಾಳೆ, ಬಿಸಿಲಿನಲ್ಲೂ. ಎಲ್ಲರೂ ಅವಳನ್ನು ಕಂಬಳಿ ಎಂದೇ ಕರೆಯುತ್ತಾರೆ. ನಾನು ಇನ್ನೂ ಏನೂ ಕರೆದಿಲ್ಲ. ಇಂದು ಅವಳೇ ಕೇಳಿದಳು.

"ಮೂರು ದಿನದಿಂದ ಯಾಕೆ ಬಿಸ್ಕತ್ತು ತಿನ್ಕೊಂಡು ಬದುಕ್ತಿದೀಯ? ವ್ರತಾನಾ?"

ಹೇಳಿದೆ. ಎಲ್ಲವನ್ನೂ ಅಲ್ಲ, ಪ್ರೋಗ್ರಾಮಿನ ಭಾಗ ಮಾತ್ರ.

"ಓ, ಇದು ಡ್ರೈವರ್ ಕೇಸು" ಎಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.

ಡ್ರೈವರ್ ಎಂದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರುವ ಮೂರನೇ ವರ್ಷದ ಸೀನಿಯರ್. ಪ್ರಿಂಟರ್ ಕೆಟ್ಟರೂ, ಫ್ಯಾನ್ ಕೆಟ್ಟರೂ "ಡ್ರೈವರ್ ಪ್ರಾಬ್ಲಮ್" ಎನ್ನುತ್ತಾನಾದ್ದರಿಂದ ಆ ಹೆಸರು. ನನ್ನ ಲ್ಯಾಪ್‌ಟಾಪನ್ನು ಮದುವೆ ಹೆಣ್ಣು ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

"ನೋಡಮ್ಮ, ನಿನ್ನ ಪ್ರೋಗ್ರಾಂಗೆ ಎರಡು ಕಷ್ಟ. ಒಂದು, ಅದು ವಿಂಡೋಸನ್ನ ಕೇಳತ್ತೆ, ಇಲ್ಲಿ ವಿಂಡೋಸ್ ಇಲ್ಲ. ಎರಡು, ಅದು ಹಳೇ ಚಿಪ್ಪಿನ ಭಾಷೆ ಮಾತಾಡತ್ತೆ, ಇಲ್ಲಿರೋ ಹೊಸ ಚಿಪ್ಪಿಗೆ ಆ ಭಾಷೆ ಒಂದಕ್ಷರ ಬರಲ್ಲ. ಹಾಗಾಗಿ ಇಬ್ಬರನ್ನ ಕೂರಿಸ್ಬೇಕು. ಒಬ್ಬ ನಾನೇ ವಿಂಡೋಸು ಅಂತ ನಾಟಕ ಆಡೋನು. ಇನ್ನೊಬ್ಬ ಪ್ರತಿ ಮಾತನ್ನ ಈ ಭಾಷೆಯಿಂದ ಆ ಭಾಷೆಗೆ ತಿರುಗಿಸಿ ಹೇಳೋನು."

"ಆಮೇಲೆ ಓಡತ್ತಾ?"

"ಓಡ್ದೆ ಏನು. ಡ್ರೈವರ್ ಒಂದು ಕೈ ಕೊಡದಿದ್ರೆ."

ಕಂಬಳಿ ನನ್ನನ್ನು ನೋಡಿ ಕಣ್ಣು ಹೊಡೆದಳು.

ಸೆಪ್ಟೆಂಬರ್ 10, ಬುಧವಾರ

ಕೊರಿಯರ್ ಬರುವವರೆಗೆ ಸುಮ್ಮನೆ ಕೂರಲಾರದೆ ಒಂದು ದೊಡ್ಡ ಪೆದ್ದ ಕೆಲಸ ಮಾಡಿದೆ.

ಶಾಲೆಯೊಂದರ ಬ್ಯಾಡ್ಜನ್ನು ಟೋಪಿಗೆ ಹೊಲಿಯಬೇಕಿತ್ತು, ಅದಕ್ಕೆ ಚಿಕ್ಕ ಅಳತೆ ಬೇಕಿತ್ತು. ಅಮ್ಮನ ಪೆನ್‌ಡ್ರೈವಿನಲ್ಲಿ ಆ ಬ್ಯಾಡ್ಜಿನ ಹೊಲಿಗೆಯ ಫೈಲ್ ಇತ್ತು. ಅದನ್ನು ರಿಪೇರಿಯವನಿಂದ ಮೇಲ್ ಮಾಡಿಸಿಕೊಂಡು, ಯಾವುದೋ ವೆಬ್‌ಸೈಟಿಗೆ ಹಾಕಿ, ಫೋಟೋ ಚಿಕ್ಕದು ಮಾಡಿದ ಹಾಗೆ ಅರ್ಧ ಮಾಡಿ ಕಳಿಸಿದೆ. ಎಷ್ಟು ಸುಲಭ, ಇಷ್ಟಕ್ಕೆ ಇಷ್ಟೊಂದು ರಾದ್ಧಾಂತವೇ ಎಂದುಕೊಂಡೆ.

ಸಂಜೆ ಫೋನ್ ಬಂತು. ಅಮ್ಮ ನಗುತ್ತಿದ್ದಳು. ನಕ್ಕು ನಕ್ಕು ಮಾತೇ ಹೊರಡುತ್ತಿರಲಿಲ್ಲ.

"ಪುಟ್ಟಿ, ಅದು ಬ್ಯಾಡ್ಜಲ್ಲ, ತಗಡು! ಚಿತ್ರ ಅರ್ಧ ಮಾಡಿದೀಯ, ಹೊಲಿಗೆ ಅಷ್ಟನ್ನೂ ಹಾಗೇ ಬಿಟ್ಟಿದೀಯ. ಬಸ್ಸಿನ ಜನಾನೆಲ್ಲ ಆಟೋದಲ್ಲಿ ತುಂಬಿದ ಹಾಗೆ. ಸೂಜಿ ಒಂದು ಗುದ್ದು ಗುದ್ದಿ ಮುರ್ಕೊಂಡು ನನ್ನ ಕನ್ನಡಕಕ್ಕೆ ಬಂದು ಬಡೀತು."

"ಕಣ್ಣಿಗೆ ಏನಾಯ್ತು?"

"ಏನೂ ಆಗಿಲ್ಲ. ನಿನ್ನ ಪುಣ್ಯ, ಕನ್ನಡಕ ಇತ್ತು."

ಆಮೇಲೆ ವಿವರಿಸಿದಳು. ಮೂಲ ಡಿಸೈನಿನಲ್ಲಿ ಚಿಕ್ಕದು ಮಾಡಿದರೆ ಹೊಲಿಗೆಯೂ ತಾನಾಗಿ ಕಡಿಮೆಯಾಗುತ್ತದಂತೆ. ಮೂಲ ಇರುವುದು ಆ ಪ್ರೋಗ್ರಾಮಿನಲ್ಲಿ ಮಾತ್ರ. ಬಟ್ಟೆ ಯಾಕೆ ಸುಕ್ಕಾಗುತ್ತದೆ, ದಾರ ಯಾಕೆ ಕಡಿಯುತ್ತದೆ, ಯಾವ ಬಣ್ಣ ಬಿಸಿಲಿಗೆ ಬಿಳುಚುತ್ತದೆ, ಹೇಳುತ್ತಲೇ ಹೋದಳು. ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ. ಹೋಗುವವರು ಬರುವವರು ನನ್ನನ್ನು ದಾಟಿಕೊಂಡು ಹೋದರು.

ಶಾಲೆಯಲ್ಲಿ ವಾರ್ಡನ್ ಮೇಡಂ ಫೋನಿಗೆ ಕ್ಯೂ ಇರುತ್ತಿತ್ತು. ನನ್ನ ಸರದಿ ಬರುವಷ್ಟರಲ್ಲಿ ಹಿಂದಿನವಳು ಬೆನ್ನಿಗೆ ತಿವಿಯುತ್ತಿದ್ದಳು. ಅಮ್ಮ ಇಷ್ಟು ಮಾತಾಡುತ್ತಾಳೆ ಎಂದೇ ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಡಿಸ್ಕ್ ಬಂತು. ಮಕ್ಕಳ ಅಂಗಿಯ ತುಂಡಿನಲ್ಲಿ ಸುತ್ತಿದ್ದಳು. ಜೊತೆಗೆ ಹೆಬ್ಬೆರಳಿನಷ್ಟು ಒಂದು ಹಸಿರು ಪ್ಲಾಸ್ಟಿಕ್. ಅಮ್ಮ ಅದನ್ನು ಕೀಲಿ ಎನ್ನುತ್ತಾಳೆ. ಅದು ಕಂಪ್ಯೂಟರಿಗೆ ಚುಚ್ಚಿರದಿದ್ದರೆ ಪ್ರೋಗ್ರಾಂ ತೆರೆಯುವುದಿಲ್ಲ.

ಬಟ್ಟೆಯ ತುಂಡನ್ನು ಮೂಸಿದೆ. ಮಷೀನ್ ಎಣ್ಣೆ, ಹೊಸ ದಾರ. ಕಂಬಳಿ ನೋಡಿದಳು, ನೋಡದ ಹಾಗೆ ಪುಸ್ತಕ ತೆಗೆದಳು. ಒಳ್ಳೆಯವಳು.

ಡ್ರೈವರ್ ತನ್ನ ಇಬ್ಬರು ದುಭಾಷಿಗಳನ್ನು ಕೂರಿಸಿದ. ಪ್ರೋಗ್ರಾಂ ಎದ್ದಿತು! ಬೂದು ಕಿಟಕಿ, ಮೂಲೆಯಲ್ಲಿ ಸೂಜಿಯ ಚಿತ್ರ. ರಜೆಯಲ್ಲಿ ಅಮ್ಮನ ಮೊಣಕೈ ಪಕ್ಕ ಕೂತು ನೋಡುತ್ತಿದ್ದ ಅದೇ ಕಿಟಕಿ. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಅಷ್ಟರಲ್ಲಿ "ಕೀಲಿ ಸಿಗುತ್ತಿಲ್ಲ" ಎಂದು ಹೇಳಿ ಮುಚ್ಚಿಕೊಂಡಿತು. ಕೀಲಿ ಎದುರಿಗೇ ಚುಚ್ಚಿತ್ತು, ಮಿಣುಕುತ್ತಲೂ ಇತ್ತು.

ಡ್ರೈವರ್ ತಲೆ ತಗ್ಗಿಸಿ ಹೇಳಿದ. "ಬೈಬೇಡಿ. ಈ ಸಲ ನಿಜವಾಗ್ಲೂ ಡ್ರೈವರ್ ಪ್ರಾಬ್ಲಮ್."

ಮಾತನ್ನು ತಿರುಗಿಸಿ ಹೇಳಬಹುದು, ಆದರೆ ಕೀಲಿಯನ್ನು ಗುರುತಿಸುವ ಡ್ರೈವರ್ ಎಂಬ ತುಣುಕು ಸಿಸ್ಟಮ್ಮಿನ ಬುಡಕ್ಕೇ ಇಳಿಯಬೇಕು, ಅಷ್ಟು ಕೆಳಗೆ ಈ ದುಭಾಷಿಗಳಿಗೆ ಪ್ರವೇಶ ಇಲ್ಲ. ಕಂಬಳಿ ಅಲ್ಲೇ ಕೂತು ಮೂರು ಟೀ ಕುಡಿದಳು. ಮೂರೂ ಲೋಟ ನನ್ನ ಲೆಕ್ಕಕ್ಕೆ.

ಸೆಪ್ಟೆಂಬರ್ 16, ಮಂಗಳವಾರ

ಆಗಲಿಲ್ಲ.

ಅಮ್ಮನಿಗೆ ಹೇಳಿದೆ. "ಆಗತ್ತೆ ಬಿಡು, ನಿಧಾನಕ್ಕೆ ಮಾಡು" ಎಂದಳು. ಆಮೇಲೆ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಹೊಲಿಸುವ ಹೋಟೆಲಿನವರ ಬಗ್ಗೆ ಬಹಳ ಹೊತ್ತು ಮಾತಾಡಿದಳು. "ಕಾಣ್ದೇ ಇರೋದನ್ನ ಯಾಕೆ ಹೊಲಿಸ್ತೀರಿ ಅಂತ ಕೇಳ್ದೆ. ಕೈಯಾಡಿಸಿದ್ರೆ ಗೊತ್ತಾಗತ್ತೆ ಅಂದ್ರು. ಹಣ ಇದ್ದೋರ ಹುಚ್ಚು."

ನಾನೂ ಮಾತಾಡಿದೆ. ಮೆಸ್ಸಿನ ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದೆ. ಅವಳು ನಕ್ಕಳು.

ಸೆಪ್ಟೆಂಬರ್ 20, ಶನಿವಾರ

ಆಯಿತು! ಆಯಿತು, ಆಯಿತು.

ಡ್ರೈವರ್ ಬೇರೆ ದಾರಿ ಹಿಡಿದ. ದುಭಾಷಿಗಳನ್ನು ಬಿಟ್ಟು, ಲ್ಯಾಪ್‌ಟಾಪಿನೊಳಗೆ ಒಂದು ಇಡೀ ಹಳೆಯ ಕಂಪ್ಯೂಟರನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟಿದೆವು. ಹಳೆಯ ಚಿಪ್ಪು, ಹಳೆಯ ವಿಂಡೋಸು, ಎಲ್ಲ ಸುಳ್ಳು ಸುಳ್ಳೇ, ಆದರೆ ಬುಡದಿಂದ ತುದಿಯವರೆಗೆ ಪೂರ್ತಿ. ಕೀಲಿಯನ್ನು ಅದರೊಳಕ್ಕೆ ದಾಟಿಸಿದೆವು. ಅದು ನಂಬಿತು.

ಒಂದೇ ತೊಂದರೆ, ವಿಪರೀತ ನಿಧಾನ. ಒಂದು ಬಟನ್ ಒತ್ತಿ ಹಲ್ಲುಜ್ಜಿಕೊಂಡು ಬರಬಹುದು. ಹೊಸ ಚಿಪ್ಪು ಎಷ್ಟೇ ಚುರುಕಾದರೂ, ಪ್ರತಿ ಸಣ್ಣ ಹೆಜ್ಜೆಗೂ ಹಳೆಯದರ ಹಾಗೆ ನಟಿಸಬೇಕಲ್ಲ ಎಂದ ಡ್ರೈವರ್.

ಈಜು ಕ್ಲಬ್ಬಿನ ಟವೆಲಿಗೆ ಮಾಡಿದ ಮೀನಿನ ಡಿಸೈನ್ ತೆರೆದು, "ಹೊಲಿದು ತೋರಿಸು" ಎಂದು ಒತ್ತಿದೆ. ಅಮ್ಮನ ಕಂಪ್ಯೂಟರಿನಲ್ಲಿ ಅದು ಸರ್ರನೆ ಮುಗಿಯುತ್ತಿತ್ತು, ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಇಲ್ಲಿ ಒಂದೊಂದೇ ಹೊಲಿಗೆ ಬಂತು. ಮೊದಲು ಮೀನೇ ಇಲ್ಲ. ಸುಮ್ಮನೆ ಅಡ್ಡಾದಿಡ್ಡಿ ಗೆರೆಗಳು, ಬಲೆಯ ಹಾಗೆ. ಅದರ ಮೇಲೆ ಬಾಲ. ಆಮೇಲೆ ಹೊಟ್ಟೆ, ಈಜುರೆಕ್ಕೆ. ಕೊನೆಗೆ ಮುಖ, ಎಲ್ಲಕ್ಕೂ ಕೊನೆಗೆ ಕಣ್ಣು. ಕಂಬಳಿ, ಡ್ರೈವರ್, ನಾನು ಮೂವರೂ ಸಿನಿಮಾ ನೋಡಿದ ಹಾಗೆ ನೋಡಿದೆವು.

ಫೋನಿನಲ್ಲಿ ಕೇಳಿದೆ, ಆ ಅಡ್ಡಾದಿಡ್ಡಿ ಏನು ಅಂತ.

"ಅದು ಅಡಿಹೊಲಿಗೆ ಕಣೇ. ಮೇಲಿನ ದಾರ ಕೂತ್ಕೊಳೋಕೆ. ಆಮೇಲೆ ಯಾರಿಗೂ ಕಾಣಲ್ಲ."

"ಕಣ್ಣು ಯಾಕೆ ಕೊನೆಗೆ?"

"ಹೊಲೀತಾ ಹೊಲೀತಾ ದಾರ ಬಟ್ಟೇನ ಎಳ್ಕೊಳ್ಳತ್ತೆ. ಕಣ್ಣು ಮೊದಲೇ ಇಟ್ರೆ, ಮುಗಿಯೋ ಹೊತ್ತಿಗೆ ಅದು ಕೆನ್ನೆಗೆ ಬಂದಿರತ್ತೆ." ಆಮೇಲೆ, "ನೀನು ಹೊಲಿಗೆ ಬಗ್ಗೆ ಕೇಳಿದ್ದು ಇದೇ ಮೊದಲು" ಎಂದಳು.

ಬ್ಯಾಡ್ಜನ್ನು ಸರಿಯಾಗಿ ಚಿಕ್ಕದು ಮಾಡಿ ಕಳಿಸಿದೆ. ಇನ್ನು ಅಟ್ಟಕ್ಕೆ ಏನೂ ಆಗುವುದಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಬ್ಯಾಡ್ಜು ಚೆನ್ನಾಗಿ ಬಂತಂತೆ. ಅಮ್ಮನ ದನಿಯಲ್ಲಿ ಹಬ್ಬ.

"ಹಾಗಾದ್ರೆ ಎಲ್ಲಾನೂ ತೆಗೆದುಬಿಡು ಪುಟ್ಟಿ. ಒಂದೂ ಬಿಡಬೇಡ. ಗಾರ್ಮೆಂಟ್ಸಿನ ಮಷೀನು ಬೇರೆ ಥರದ ಫೈಲ್ ಕೇಳತ್ತೆ, ಹೆಸರು ಬರೆದಿಟ್ಕೊಂಡಿದೀನಿ, ಹೇಳ್ತೀನಿ ತಾಳು."

"ಯಾವ ಗಾರ್ಮೆಂಟ್ಸು?"

"ಅದೇ, ಚಿಕ್ಕಮ್ಮ ಹೋಗ್ತಾಳಲ್ಲ. ಒಂದನೇ ತಾರೀಖಿನಿಂದ ನಾನೂ ಬರ್ತೀನಿ ಅಂದಿದೀನಿ. ನನ್ನ ಡಿಸೈನು ತೋರಿಸಿದ್ರೆ ಡಿಸೈನ್ ಸೆಕ್ಷನ್ನಲ್ಲಿ ಕೂರಿಸ್ತಾರಂತೆ. ಇಲ್ದಿದ್ರೆ ಮಷೀನಿಗೆ ದಾರ ಪೋಣಿಸೋ ಕೆಲಸ. ಅದಕ್ಕೇ ಅಲ್ವಾ ಇಷ್ಟು ದಿನ ನಿನ್ನ ಪ್ರಾಣ ತಿಂದಿದ್ದು?"

"ಮತ್ತೆ ಅಂಗಡಿ?"

"ಬಿಟ್ಟುಕೊಡ್ತೀನಿ. ಚಿಕ್ಕಮ್ಮನ ಮನೇಲಿ ಇರ್ತೀನಿ. ನಿನಗೆ ಹೇಳಿದ್ನಲ್ಲ?"

ಹೇಳಿರಲಿಲ್ಲ. ಅಥವಾ ನಾನು ಕೇಳಿರಲಿಲ್ಲ. ಡಿಸೈನ್ ಹೊರಗೆ ತೆಗೆಯಬೇಕು ಎಂದಿದ್ದಳು, ಅಷ್ಟೇ. ಯಾಕೆ ಎಂದು ನಾನು ಒಮ್ಮೆಯಾದರೂ ಕೇಳಬೇಡವೇ? ಅಂಗಡಿ ಉಳಿಸುವುದಕ್ಕೆ ಎಂದು ನಾನೇ ಅಂದುಕೊಂಡು, ನಾನೇ ಓಡಾಡಿದೆ.

ಪ್ರತಿ ಹಾಸ್ಟೆಲಿನಲ್ಲೂ ಮಲಗುವ ಮೊದಲು ನಾನು ಆ ಅಟ್ಟವನ್ನು ನೆನೆಯುತ್ತೇನೆ. ಏಣಿಯ ಸಡಿಲವಾದ ಮೆಟ್ಟಿಲು, ತಲೆಗೆ ತಾಗುವ ಸೂರು, ಕೆಳಗೆ ಮಷೀನಿನ ಟಕಟಕ. ಆ ಸದ್ದು ಇದ್ದರೆ ಅಮ್ಮ ಇದ್ದಾಳೆ ಎಂದು ಅರ್ಥ. ಅಷ್ಟು ಸಾಕಿತ್ತು ನನಗೆ. ಒಂದು ಕಡೆ ಅದು ಇದೆ ಎಂಬುದರ ಮೇಲೆಯೇ ನಾನು ಬೇರೆ ಕಡೆಗಳಲ್ಲೆಲ್ಲ ಇದ್ದೆ.

ಸೆಪ್ಟೆಂಬರ್ 23, ಮಂಗಳವಾರ

"ಮತ್ತೆ ಕೆಟ್ಟಿದೆ ಅಮ್ಮ" ಎಂದೆ.

"ಅಯ್ಯೋ. ಈಗಷ್ಟೇ ನಡೀತಿತ್ತಲ್ಲ."

"ಹೂಂ. ಏನಾಯ್ತೋ."

ಕೆಟ್ಟಿರಲಿಲ್ಲ. ತೆರೆದೇ ನೋಡಿಲ್ಲ, ಆದ್ದರಿಂದ ಕೆಟ್ಟಿರಲೂಬಹುದು.

ಡ್ರೈವರ್ ಕ್ಯಾಂಟೀನಿನಲ್ಲಿ ಸಿಕ್ಕಿದ. "ಎಲ್ಲ ತೆಗೆದಾಯ್ತಾ?"

"ಇಲ್ಲ, ಡ್ರೈವರ್ ಪ್ರಾಬ್ಲಮ್."

"ನನ್ನ ಡೈಲಾಗು ನನಗೇ ಹೊಡೀತೀಯಾ? ಲ್ಯಾಪ್‌ಟಾಪ್ ತಾ, ನೋಡ್ತೀನಿ."

"ಬೇಡ, ಪರೀಕ್ಷೆ ಇದೆ."

ಪರೀಕ್ಷೆಯೂ ಇಲ್ಲ.

ಸೆಪ್ಟೆಂಬರ್ 25, ಗುರುವಾರ

ಫೋನ್ ಎತ್ತಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಎತ್ತಿದೆ. ಅಮ್ಮ ಡಿಸ್ಕಿನ ವಿಷಯವನ್ನೇ ಎತ್ತಲಿಲ್ಲ. ಗಾರ್ಮೆಂಟ್ಸಿಗೆ ಒಂದು ದಿನ ಕೆಲಸ ನೋಡಿಕೊಂಡು ಬರಲು ಹೋಗಿದ್ದಳಂತೆ.

"ಎಂಥ ಗದ್ದಲ ಗೊತ್ತಾ! ಮಷೀನಿನ ಗದ್ದಲದ ಮೇಲೆ ಹೆಂಗಸರ ಗದ್ದಲ. ಊಟಕ್ಕೆ ಕೂತ್ರೆ ಒಬ್ಬಳು ನನ್ನ ಡಬ್ಬಾನೇ ಕಿತ್ಕೊಂಡ್ಲು. ಹೊಸಬಳ ಡಬ್ಬ ಎಲ್ಲರ ಡಬ್ಬವಂತೆ. ನನಗೆ ಅವಳ ಡಬ್ಬ ಕೊಟ್ಲು. ಉಪ್ಪೇ ಇರಲಿಲ್ಲ ಅದರಲ್ಲಿ, ಕಳ್ಳಿ, ಅದಕ್ಕೇ ಕಿತ್ಕೊಂಡಿದ್ದು!"

"ನಿಂಗೆ ಅಲ್ಲಿ ಇಷ್ಟ ಆಯ್ತಾ?"

"ಇಷ್ಟ ಅಂದ್ರೆ... ಪುಟ್ಟಿ, ಇಲ್ಲಿ ನಾನು ಮಷೀನಿನ ಜೊತೆ ಮಾತಾಡ್ತೀನಿ ಕಣೇ. ದಾರ ಕಡಿದ್ರೆ ಅದು ಕೂಗ್ಕೊಳ್ಳತ್ತಲ್ಲ, ಬಂದೆ ಇರು ಮಾರಾಯ ಅಂತೀನಿ. ಬಾಗಿಲಲ್ಲಿ ಬ್ಯಾಡ್ಜ್ ತಗೊಳೋಕೆ ಬಂದೋರನ್ನ ಸುಮ್ಸುಮ್ನೆ ಮಾತಾಡ್ಸಿ ನಿಲ್ಲಿಸ್ಕೊಳ್ತೀನಿ. ಪಾಪ, ಅವರಿಗೂ ಕೆಲಸ ಇರತ್ತೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಡಿಸೈನು ಸಿಗದಿದ್ರೂ ಪರವಾಗಿಲ್ಲ, ತಲೆ ಕೆಡಿಸ್ಕೋಬೇಡ. ದಾರ ಪೋಣಿಸ್ತೀನಿ. ಕೂತು ಮಾಡೋ ಬದಲು ನಿಂತು ಮಾಡೋದು, ಅಷ್ಟೇ ತಾನೆ? ಕಾಲು ಸ್ವಲ್ಪ ನೋಯತ್ತೆ."

"ನನ್ನ ಹಾಸಿಗೆ?" ಎಂದು ಬಾಯಿಗೆ ಬಂದುಬಿಟ್ಟಿತು. ಎಂಥ ಪ್ರಶ್ನೆ.

"ಅಟ್ಟದ್ದಾ? ಅದರ ಮೇಲೆ ದಾರದ ಉರುಳೆ ಜೋಡಿಸಿಟ್ಟಿದೀನಲ್ಲ, ವರ್ಷಗಳಿಂದ. ನೀನು ಬರೋ ಹಿಂದಿನ ದಿನ ಇಳಿಸ್ತೀನಿ, ನೀನು ಹೋದ ಸಂಜೆ ಮತ್ತೆ ಹತ್ತಿಸ್ತೀನಿ. ಅದು ಖಾಲಿ ಬಿದ್ದಿದ್ರೆ ನಂಗೆ ನೋಡೋಕಾಗಲ್ಲ ಕಣೇ."

ಇಟ್ಟ ಮೇಲೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ನಾನು ಎಲ್ಲೆಲ್ಲೋ ಮಲಗಿಕೊಂಡು ಆ ಹಾಸಿಗೆಯನ್ನು ನೆನೆಯುತ್ತಿದ್ದಾಗೆಲ್ಲ, ಅದರ ಮೇಲೆ ಕೆಂಪು, ನೀಲಿ, ಹಳದಿ ಉರುಳೆಗಳು ಮಲಗಿದ್ದವು. ಕೆಳಗೆ ಅಮ್ಮ ಮಷೀನಿಗೆ "ಬಂದೆ ಇರು" ಎನ್ನುತ್ತಿದ್ದಳು.

ಅವಳ ಕಾಲಿನ ನೋವು ನನಗೆ ಗೊತ್ತು. ನಿಂತರೆ ಊದಿಕೊಳ್ಳುತ್ತದೆ.

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಡ್ರೈವರನ್ನು ಫೋನ್ ಮಾಡಿ ಎಬ್ಬಿಸಿ ಕೇಳಿದೆ. ಎಲ್ಲವನ್ನೂ ಒಟ್ಟಿಗೆ ಹೊರಗೆ ಹಾಕುವ ಸೌಲಭ್ಯ ಆ ಪ್ರೋಗ್ರಾಮಿನಲ್ಲಿ ಇಲ್ಲ. ಒಂದೊಂದನ್ನೇ ತೆರೆಯಬೇಕು, ಕಾಯಬೇಕು, ಹೊಸ ಥರದ ಫೈಲ್ ಆಗಿ ಉಳಿಸು ಎನ್ನಬೇಕು, ಮತ್ತೆ ಕಾಯಬೇಕು, ನಡುವೆ ಅದು "ಖಂಡಿತವಾಗಿಯೂ?" ಎಂದು ಕೇಳುತ್ತದೆ, ಹೌದು ಎನ್ನಬೇಕು. ಮೀನು, ಆನೆ, ಹಡಗು, ಕತ್ತರಿ, ಕಿರೀಟ, ಕ್ರಿಕೆಟ್ ಬ್ಯಾಟು, ಹಲ್ಲಿನ ಡಾಕ್ಟರ ನಗುವ ಹಲ್ಲು. ಇಷ್ಟೊಂದನ್ನು ಇವಳು ಯಾವಾಗ ಬಿಡಿಸಿದಳು?

ಸುದ್ದಿ ಕಾರಿಡಾರಿಗೆ ಹಬ್ಬಿತು. ಕಂಬಳಿ ಸರದಿ ಹಾಕಿದಳು. ನಾನು ಸ್ನಾನಕ್ಕೆ ಹೋದಾಗ ಅವಳು, ಅವಳು ಊಟಕ್ಕೆ ಹೋದಾಗ ಎದುರು ರೂಮಿನವಳು. "ಹಲ್ಲು ಬಂತು! ಹಲ್ಲು ನಗ್ತಿದೆ!" ಎಂದು ಯಾರೋ ಕೂಗಿದರೆ ಎಲ್ಲರೂ ಓಡಿ ಬಂದು ನೋಡುವುದು. ಮಧ್ಯಾಹ್ನ ನಾನು ಸೋಪು ತರಲು ಅಂಗಡಿಗೆ ಹೋಗಿ ಮನೆಗೆ ಬಂದಾಗ ನನ್ನ ಮಂಚದ ಮೇಲೆ ಕೂರಲು ನನಗೇ ಜಾಗವಿರಲಿಲ್ಲ. ಕಂಬಳಿಯ ಕಂಬಳಿಯೊಳಗೆ ತೂರಿಕೊಂಡೆ.

ಸಂಜೆ ಲ್ಯಾಬಿನಲ್ಲಿ ಡ್ರೈವರ್ ಪರೀಕ್ಷಿಸಿದ. ಎರಡು ಡಿಸೈನು ತೆರೆಯಲೇ ಇಲ್ಲ, ಡಿಸ್ಕಿನಲ್ಲೇ ಕೊಳೆತುಹೋಗಿವೆ. ಉಳಿದವೆಲ್ಲ ಹೊರಗೆ ಬಂದಿವೆ.

ಒಂದನ್ನು ಮಾತ್ರ ನಾನು ಕಳಿಸುವ ಮೊದಲು ಸುಮ್ಮನೆ "ಹೊಲಿದು ತೋರಿಸು" ಎಂದು ಒತ್ತಿ ನೋಡುತ್ತ ಕೂತೆ. ಯಾವುದೋ ಆಸ್ಪತ್ರೆಯ ದೀಪ. ನಿಧಾನಕ್ಕೆ, ಅಡಿಯಿಂದ. ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ ಇಷ್ಟು ಹತ್ತಿರದಿಂದ ಅವಳ ಕೈಯನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಕಣ್ಣು ಉರಿಯಿತು. ಸ್ಕ್ರೀನಿನ ಬೆಳಕಿಗೆ ಎಂದೆ. ಕಂಬಳಿ, "ಹೌದೌದು, ಸ್ಕ್ರೀನು" ಎಂದು ಕಂಬಳಿಯ ತುದಿ ಕೊಟ್ಟಳು.

ಸೆಪ್ಟೆಂಬರ್ 29, ಸೋಮವಾರ

ಎಲ್ಲ ಕಳಿಸಿದೆ. ಫೋನಿನಲ್ಲಿ ಹೇಳಲು ಹೊರಟರೆ ಎಲ್ಲಿ ಏನು ಹೇಳಿಬಿಡುತ್ತೇನೋ ಎಂದು ಮೆಸೇಜ್ ಬರೆದೆ. ಮೊದಲು ಇಲ್ಲಿ ಬರೆದು, ತಪ್ಪು ತಿದ್ದಿ, ಆಮೇಲೆ ಅದರಲ್ಲಿ ಹಾಕಿದೆ:

ಅಮ್ಮ, ಈಗ ಸರಿಯಾಗಿದೆ. ಎಲ್ಲಾ ಡಿಸೈನು ಕಳಿಸಿದೀನಿ, ಗಾರ್ಮೆಂಟ್ಸಿನ ಮಷೀನಿಗೆ ಆಗೋ ಥರಾನೇ. ಎರಡು ಮಾತ್ರ ಹಾಳಾಗಿವೆ: ಹಳೇ ಬ್ಯಾಂಡ್ ಸೆಟ್ಟಿನೋರ ತುತ್ತೂರಿ, ಇನ್ನೊಂದು ಗುಲಾಬಿ. ಬೇಕಿದ್ರೆ ನೀನು ಹೇಳ್ತಾ ಹೋಗು, ನಾನು ಬಿಡಿಸ್ತೀನಿ. ನಾಡಿದ್ದು ಅವರಿಗೆ ತೋರಿಸುವಾಗ ಕೂತ್ಕೊಂಡು ತೋರಿಸು. ದಾರ ಪೋಣಿಸೋಕೆ ಒಪ್ಕೋಬೇಡ, ನಿನ್ನ ಕಾಲು ಹೇಗಿದೆ ಅಂತ ನಂಗೊತ್ತು. ಅಟ್ಟದ ಉರುಳೆಗಳನ್ನ ಇನ್ನು ಇಳಿಸ್ಬೇಡ, ಹಾಗೇ ಯಾರಿಗಾದ್ರೂ ಕೊಟ್ಬಿಡು. ರಜಕ್ಕೆ ನಾನು ನೇರವಾಗಿ ಚಿಕ್ಕಮ್ಮನ ಮನೆಗೇ ಬರ್ತೀನಿ. ಅಲ್ಲಿ ನೀನು ಎಲ್ಲಿ ಮಲಗ್ತೀಯ? ಪಕ್ಕದಲ್ಲಿ ನನಗೊಂದು ಹಾಸಿಗೆಯಷ್ಟು ಜಾಗ ಇದ್ಯಾ? ಬೇಗ ಉತ್ತರ ಹಾಕು.